ಬೆಂಚು ತಿರುಗಿಸುವ ಶುಕ್ರವಾರ

ಆಗೆಲ್ಲ ನಮ್ಮ ವಾರ ಕ್ಯಾಲೆಂಡರಿನಿಂದ ಶುರುವಾಗುತ್ತಿರಲಿಲ್ಲ, ಬೆಂಚಿನಿಂದ ಶುರುವಾಗುತ್ತಿತ್ತು. ಠಾಣೆಯ ಆಚೆ ಕಲ್ಯಾಣ ಪೂರ್ವದಲ್ಲಿ ರೈಲು ಹಳಿಯ ಬೆನ್ನಿಗೆ ಅಂಟಿಕೊಂಡಿದ್ದ ನಮ್ಮ ಲೂಥರನ್ ಶಾಲೆಗೆ ಇದ್ದದ್ದು ಒಂದೇ ಹಾಲ್. ಭಾನುವಾರ ಅದು ದೇವಾಲಯ, ಸೋಮವಾರದಿಂದ ಶುಕ್ರವಾರದವರೆಗೆ ಶಾಲೆ. ಪೂರ್ವದ ಗೋಡೆಯಲ್ಲಿ ಶಿಲುಬೆ, ಪಶ್ಚಿಮದ ಗೋಡೆಯಲ್ಲಿ ಕರಿಹಲಗೆ. ದೇವರೂ ಮಗ್ಗಿಯೂ ವಾರವಿಡೀ ಎದುರುಬದುರು ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ನಾವು ಬೆಂಚುಗಳನ್ನೆಲ್ಲ ಶಿಲುಬೆಯ ಕಡೆಗೆ ತಿರುಗಿಸಬೇಕು. ಸೋಮವಾರ ಬೆಳಿಗ್ಗೆ ಬಂದವರೇ ಮತ್ತೆ ಕರಿಹಲಗೆಯ ಕಡೆಗೆ. ತನ್ನ ಬೆಂಚು ಎತ್ತದವನಿಗೆ ಆ ವಾರ ಕೂರಲು ಜಾಗವಿಲ್ಲ, ನೆಲವೇ ಗತಿ.

ಹಳೇ ಮರದ ಭಾರೀ ಬೆಂಚುಗಳವು. ಮೂಗು ತಾಗಿಸಿದರೆ ಮೇಣದಬತ್ತಿ, ಖಿಚಡಿಯ ಅರಿಸಿನ, ಭಾನುವಾರ ಬರುವ ಆಂಟಿಯರ ಪೌಡರು ಎಲ್ಲ ಕಲಸಿದ ವಾಸನೆ. ನನ್ನ ಬೆಂಚಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಮಲ್ಲಮ್ಮ. ರಾಯಚೂರಿನ ಕಡೆಯವಳು, ನನಗಿಂತ ಗಿಡ್ಡ, ನನಗಿಂತ ಗಟ್ಟಿ. ನಾನು ಎತ್ತಿದ ಹಾಗೆ ನಟಿಸುತ್ತಿದ್ದೆ, ಅವಳು ಎತ್ತುತ್ತಿದ್ದಳು.

"ಏ ಗಿಣಿ, ಕೈ ಹಚ್ಚಲೇ! ಬಾಯಿಲೆ ಎತ್ತಬ್ಯಾಡ."

ಗಿಣಿ ನಾನೇ. ಯಾರ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ನನ್ನ ಬಾಯಿಂದ ಹೊರಬೀಳುತ್ತಿತ್ತು. ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸು, ವಡಾಪಾವು ಮಾರುವ ಭಾವು, ಮೂಗಿನಲ್ಲಿ ಪ್ರಾರ್ಥಿಸುವ ಪಾಸ್ಟರ್, ಯಾರನ್ನೂ ಬಿಟ್ಟಿದ್ದಿಲ್ಲ. ಕಲಬುರಗಿಯಿಂದ ಬಂದು ಘೋಡ್‌ಬಂದರ್ ಕಡೆಯ ಟವರುಗಳಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದ ನನ್ನಪ್ಪ ಹೇಳುತ್ತಿದ್ದ, "ದೇವರು ಇವನ ಮಾರಿ ಮಾಡೂದು ಮರ್ತು ಬರೇ ಬಾಯಿ ಕೊಟ್ಟು ಕಳಿಸ್ಯಾನ." ತಪ್ಪೇನಲ್ಲ. ಆಗಿನ ನನ್ನ ಮುಖ ಎಣ್ಣೆಯಿಂದ ಬೇಗ ತೆಗೆದ ಬಟಾಟೆವಡೆಯ ಹಾಗಿತ್ತು. ಈಗ ಪೂರ್ತಿ ಬೆಂದಿದೆ, ಅಷ್ಟೇ.

ಹಾಲಿನ ಬಲಗಡೆ ಇಂಗ್ಲಿಷ್ ವರ್ಗ, ಎಡಗಡೆ ಕನ್ನಡ ವರ್ಗ, ನಡುವೆ ಒಂದು ಹೂವಿನ ಪರದೆ. ನಮ್ಮ ಕಡೆ ಒಂದರಿಂದ ನಾಲ್ಕರವರೆಗೆ ಎಲ್ಲರಿಗೂ ಒಬ್ಬರೇ ಸುಕುಮಾರಿ ಟೀಚರ್. ಮೂಲ್ಕಿಯವರು, ಬೆಳ್ಳಗೆ, ಸಣ್ಣಗೆ, ಕೈಯಲ್ಲಿ ಸದಾ ಕೊಡೆ. ಸೋಮವಾರ ಬಾಯಿಪಾಠದ ಬೈಬಲ್ ವಚನ ಒಪ್ಪಿಸಬೇಕು. ಬುಧವಾರ ಪಾಸ್ಟರು ಪರದೆ ಸರಿಸಿ ಎರಡೂ ಕಡೆಯವರಿಗೆ ಕಥೆ ಹೇಳುತ್ತಿದ್ದರು. ಗುರುವಾರದ ಖಿಚಡಿಯಲ್ಲಿ ಬಟಾಣಿ ಬೀಳುತ್ತಿದ್ದುದರಿಂದ ಗುರುವಾರ ಮಾತ್ರ ಯಾರಿಗೂ ಜ್ವರ ಬರುತ್ತಿರಲಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಯಲ್ಲಮ್ಮನ ಒಕ್ಕಲು. ಆದರೂ ವಚನ ಒಪ್ಪಿಸುವುದರಲ್ಲಿ ಪಾಸ್ಟರ ಮಗನನ್ನೇ ಸೋಲಿಸುತ್ತಿದ್ದೆವು.

ಪಾಸ್ಟರಿಗೆ ಪ್ರಿಯವಾದ ಕಥೆ ಒಂದೇ: ಶಾಲೆಯ ಹೆಸರಿಗೆ ಕಾರಣನಾದ ಜರ್ಮನ್ ಅಜ್ಜನದು. ಆ ಅಜ್ಜ ದೊಡ್ಡವರ ಮೇಲೆ ಸಿಟ್ಟಾಗಿ ದೇವಾಲಯದ ಬಾಗಿಲಿಗೆ ಕಾಗದ ಹಚ್ಚಿ ಮೊಳೆ ಹೊಡೆದನಂತೆ. ಆಮೇಲೆ ದೇವರ ಮಾತನ್ನು ಊರಿನ ಜನರ ಮಾತಿಗೆ ತಂದನಂತೆ. ಪಾಸ್ಟರು ತಮಿಳರು. ಅವರ ಕನ್ನಡ ಒಂದು ಕಾಲನ್ನು ಚೆನ್ನೈಯಲ್ಲೇ ಇಟ್ಟು ಬಂದಿತ್ತು. "ಜನಕ್ಕೆ ಅವ್ರ ಬಾಷೆ, ಅದಾ ಮುಖ್ಯಂ, ತಂಬಿ! ಯಾರ ಬಾಯಿಗೂ ಬೀಗ ಹಾಕಕೂಡಾದು!" ಎನ್ನುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ನಾನು ಅದನ್ನು ಅದೇ ಮೂಗಿನಲ್ಲಿ ಬೆಂಚಿನ ಕೆಳಗಿಂದ ಒಮ್ಮೆ ಹೇಳಿ ಕಿವಿ ಹಿಂಡಿಸಿಕೊಂಡಿದ್ದೆ.

ಮಲ್ಲಮ್ಮ ಶಾಲೆಗೆ ಬಂದದ್ದು ತಡವಾಗಿ. ಅಕ್ಷರ ಗೊತ್ತಿರಲಿಲ್ಲ. ಪುಸ್ತಕದ ಪಾಠ ಅವಳ ತಲೆಗೆ ಇಳಿಯದ್ದನ್ನು ನೋಡಿ ಟೀಚರ್ ಒಂದು ದಿನ ಪುಸ್ತಕ ಮುಚ್ಚಿಟ್ಟರು. "ನಿನ್ನ ಊರಿನದು ಎಂತಾದ್ರೂ ಹೇಳು ಮಾರಾಯ್ತಿ. ನಾನು ಬರೀತೇನೆ, ನೀನು ಓದು." ಮಲ್ಲಮ್ಮ ನಾಚಿಕೊಂಡು ತನ್ನ ಅಜ್ಜಿಯ ಮಾತು ಹೇಳಿದಳು. ಟೀಚರ್ ಅದನ್ನು ಕರಿಹಲಗೆಯ ಮೇಲೆ ಇಳಿಸಿದರು: ನಮ್ಮೂರಿನ ಬಿಸಿಲನ್ನು ನಮ್ಮ ಅಜ್ಜಿ ಬೀಗ ಎಂದು ಕರೆಯುತ್ತಾಳೆ. ಕರೆಯದೆ ಬರುತ್ತದೆ, ಉಂಡರೂ ಹೋಗುವುದಿಲ್ಲ.

ತಾನು ಆಡಿದ ಮಾತು ಬಿಳಿ ಅಕ್ಷರವಾಗಿ ಗೋಡೆಯ ಮೇಲೆ ನಿಂತದ್ದನ್ನು ಮಲ್ಲಮ್ಮ ಬಾಯಿ ತೆರೆದು ನೋಡಿದಳು. ದಿನಕ್ಕೊಂದೆರಡು ಸಾಲು ಸೇರುತ್ತಾ ಅದೊಂದು ಪೂರಾ ಪಾಠವಾಯಿತು, ಟೀಚರ್ ಅದನ್ನು ಕಾಗದಕ್ಕೆ ಬರೆದುಕೊಟ್ಟರು. ದಸರೆ ಕಳೆಯುವಷ್ಟರಲ್ಲಿ ಅವಳು ಅದನ್ನು ಬೆರಳಿಟ್ಟು ಓದುತ್ತಿದ್ದಳು. ಓದುವಾಗ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಉಸಿರಿಗೆ ಪಟಪಟ. ಟೀಚರ್ ಪಕ್ಕದಲ್ಲಿ ನಿಂತು, "ನಿಧಾನ, ನಿಧಾನ. ಅಲ್ಲಿ ಒಂದು ಉಸಿರು ತಕ್ಕೊ. ನಿನ್ನ ಮಾತೇ ಅಲ್ವಾ, ಯಾರೂ ಕಿತ್ಕೊಳ್ಳುದಿಲ್ಲ" ಎನ್ನುತ್ತಿದ್ದರು.

ಅದೇ ಹೊತ್ತಿಗೆ ಸುದ್ದಿ ಬಂತು. ಶಾಲೆಯ ಕಮಿಟಿಯ ಹೊಸ ಚೇರ್ಮನ್ನರು ಅಜ್ಜ ಮೊಳೆ ಹೊಡೆದ ದಿನದ ಹಬ್ಬಕ್ಕೆ ಬರುತ್ತಾರಂತೆ, ಕನ್ನಡ ವರ್ಗ ಇರಬೇಕೋ ಮುಚ್ಚಬೇಕೋ ನೋಡಿ ಹೇಳುತ್ತಾರಂತೆ. ಮುಚ್ಚಿದರೆ ನನ್ನಂಥವರಿಗೆ ಹಳಿಯ ಆಚೆ ಮುನಿಸಿಪಾಲಿಟಿಯ ಮರಾಠಿ ಶಾಲೆ ಇತ್ತು. ಮಲ್ಲಮ್ಮನಿಗೆ ಅದೂ ಇರಲಿಲ್ಲ. ಅವಳಪ್ಪ ಟೀಚರಿಗೆ ಮುಖಕ್ಕೇ ಹೇಳಿದ್ದ, "ಇಲ್ಲಿ ನಮ್ ಭಾಷಾದ್ ಸಾಲಿ ಐತಿ, ನಮ್ ಶೆಡ್ಡಿನ ಗೋಡಿ ಪಕ್ಕಕ್ಕ ಐತಿ, ಅದಕ್ಕ ಬಿಟ್ಟೀನ್ರೀ ಅಕ್ಕಾರ. ಹುಡುಗೀನ ಹಳಿ ದಾಟಸೂದಿಲ್ಲ. ಇಲ್ಲಂದ್ರ ಶೆಡ್ಡಿನ್ಯಾಗ ತಮ್ಮನ್ನ ಆಡಸ್ಕೋತ ಕುಂದ್ರತಾಳ."

ಟೀಚರ್ ಉಪಾಯ ಹೂಡಿದರು. ಪ್ರತಿವರ್ಷದ ಹಾಗೆ ಅಜ್ಜ ಮೊಳೆ ಹೊಡೆಯುವ ನಾಟಕ, ಅಜ್ಜ ನಾನು. ಅದಾದ ಕೂಡಲೇ ಮಲ್ಲಮ್ಮನ ಓದು.

"ನೀನು ನಗಿಸು. ನಗಾಡಿದವರ ಕಿವಿ ತೆರೆದಿರ್ತದೆ. ಆಗ ಇವಳು ಓದ್ಲಿ. ಈ ಹುಡುಗಿ ಓದುದು ಒಂದು ಸಲ ಕೇಳಿದ್ರೆ ಯಾರಿಗೆ ಮುಚ್ಲಿಕ್ಕೆ ಮನಸ್ಸು ಬರ್ತದೆ, ಹೇಳು?"

"ಪಾಸ್ಟರ ದನಿ ತೆಗೀಲೇನ್ರೀ ಟೀಚರ್?"

ಟೀಚರ್ ಪರದೆಯ ಕಡೆ ನೋಡಿ ಮೆಲ್ಲಗೆ ಅಂದರು, "ಸ್ವಲ್ಪ ತೆಗಿ. ದೇವರು ಕ್ಷಮಿಸ್ತಾನೆ."

ಹಬ್ಬ ಆ ಸಲ ಶುಕ್ರವಾರವೇ ಬಂದಿತ್ತು. ನಾವು ಬೆಳಿಗ್ಗೆಯೇ ಬೆಂಚುಗಳನ್ನು ಶಿಲುಬೆಯ ಕಡೆ ತಿರುಗಿಸಿ ನೀರು ಹಾಕಿ ಒರೆಸಿದೆವು. ಮಲ್ಲಮ್ಮನ ಎಣ್ಣೆ ಹಚ್ಚಿದ ಎರಡು ಜಡೆಗೆ ಕೆಂಪು ರಿಬ್ಬನ್. ತುಟಿ ಒಳಗೊಳಗೇ ಅಲ್ಲಾಡುತ್ತಿತ್ತು. ಚೇರ್ಮನ್ನರು ಠಾಣೆಯ ಮಾಜಿವಾಡಾದಿಂದ ಕಾರಿನಲ್ಲಿ ಬಂದರು. ಬಿಳಿ ಅಂಗಿ, ಸೆಂಟಿನ ಘಮ. ನಮ್ಮನ್ನು ನೋಡಿದವರೇ ಕನ್ನಡದಲ್ಲೇ ಮಾತಾಡಿದರು: "ನಮ್ಮದೂ ಊರು ಮಂಗ್ಳೂರು ಕಡೆಯೇ. ಮಕ್ಕಳಿಗೆ ಬರುದಿಲ್ಲ, ನನಗೆ ಬರ್ತದೆ." ಮಲ್ಲಮ್ಮ ನನ್ನ ತೋಳು ಚಿವುಟಿದಳು. ಗೆದ್ದೆವು ಎಂದು ಅದರ ಅರ್ಥ.

ನಾನು ಪಾಸ್ಟರ ಹಳೇ ಕಪ್ಪು ನಿಲುವಂಗಿ ಎಳೆದುಕೊಂಡು ಬಂದೆ. ಅದರ ಅಂಚು ನನಗಿಂತ ಒಂದು ಗಳಿಗೆ ತಡವಾಗಿ ಬಂತು. ಬಾಗಿಲಿಗೆ ಒರಗಿಸಿದ್ದ ಹಲಗೆಗೆ ಕಾಗದ ಹಿಡಿದು ಸುತ್ತಿಗೆ ಎತ್ತಿ ಹೊಡೆದೆ, ಸೀದಾ ನನ್ನ ಹೆಬ್ಬೆರಳಿಗೆ. ನಾಟಕದಲ್ಲಿ ಅದಿರಲಿಲ್ಲ. ಬಾಯಿಗೆ ಬಂದದ್ದು ಪಾಸ್ಟರ ದನಿ: "ಅಯ್ಯಯ್ಯೋ! ಜನಕ್ಕೆ ಅವ್ರ ಬಾಷೆ, ನನಗೆ ಒಂದು ಬ್ಯಾಂಡೇಜ್!"

ಹಾಲ್ ಬಿದ್ದು ಬಿದ್ದು ನಕ್ಕಿತು. ಪಾಸ್ಟರೂ ಮುಖ ಮುಚ್ಚಿಕೊಂಡು ನಕ್ಕರು. ಚೇರ್ಮನ್ನರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅರೆ ವಾ! ಕ್ಯಾ ಟ್ಯಾಲೆಂಟೆಡ್ ಬಚ್ಚಾ ಹೈ! ಇನ್ನೂ ಯಾರದ್ದು ಮಾಡ್ತಿಯಾ? ಬಾ, ಬಾ, ಮಾಡು."

ನಾನು ಟೀಚರ ಕಡೆ ನೋಡಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಸ್ಟೇಷನ್ನಿನ ಹೆಂಗಸಿನದು ಮಾಡಿದೆ. ವಡಾಪಾವಿನ ಭಾವುನದು ಮಾಡಿದೆ. ಪ್ರತಿ ಸಲವೂ "ಒನ್ಸ್ ಮೋರ್!" ಅವರ ನಗು ಸುಳ್ಳಾಗಿರಲಿಲ್ಲ, ಅದನ್ನೇ ನನಗೆ ಇಂದಿಗೂ ಅರಗಿಸಿಕೊಳ್ಳಲಾಗಿಲ್ಲ. ಮಲ್ಲಮ್ಮ ಎದ್ದು ನಿಂತಿದ್ದಳು, ಪಾಠದ ಕಾಗದ ಎದೆಗೆ ಹಿಡಿದು, ಮೊದಲ ಸಾಲಿಗೆ ಉಸಿರು ತುಂಬಿಕೊಂಡು.

ಚೇರ್ಮನ್ನರು ಗಡಿಯಾರ ನೋಡಿದರು.

"ಸರ್, ಒಂದೇ ನಿಮಿಷ," ಟೀಚರ್ ಮುಂದೆ ಬಂದರು, "ಈ ಹುಡುಗಿಯ ಓದು ಒಂದು ಉಂಟು. ಅವಳದ್ದೇ ಪಾಠ."

"ನೆಕ್ಸ್ಟ್ ಟೈಮ್, ಟೀಚರ್. ನೋಡಿದೆನಲ್ಲ, ತುಂಬ ಚೆಂದ ಆಯ್ತು. ಮಾಜಿವಾಡಾ ಸಿಗ್ನಲ್‌ನಲ್ಲಿ ಸಿಕ್ಕಿಬಿದ್ರೆ ಮುಗೀತು." ನನ್ನ ಕೆನ್ನೆ ತಟ್ಟಿ ದೊಡ್ಡ ಚಾಕಲೇಟು ಕೊಟ್ಟರು. ಮಲ್ಲಮ್ಮನಿಗೂ ಒಂದು, ಸಣ್ಣದು. ಕಾರು ಹೋಯಿತು. ಮಲ್ಲಮ್ಮ ತುಂಬಿಕೊಂಡಿದ್ದ ಉಸಿರು ಬಿಟ್ಟಳು.

"ಛಲೋ ಆತಲ್ಲಲೇ," ಅಂದಳು. "ಅಷ್ಟು ನಕ್ಕಾರ ಅಂದ್ರ ಮುಚ್ಚಂಗಿಲ್ಲ."

ನಾನೂ ಹಾಗೇ ನಂಬಿದ್ದೆ. ಭಾನುವಾರವಿಡೀ ನಮ್ಮ ಚಾಳಿನಲ್ಲಿ ಗತ್ತಿನಿಂದ ತಿರುಗಿದೆ, ಶಾಲೆ ಉಳಿಸಿದ ಶೂರ. ಊದಿದ ಹೆಬ್ಬೆರಳೇ ಪದಕ.

ಸೋಮವಾರ ಬೆಂಚು ತಿರುಗಿಸಲು ಓಡಿದರೆ ನಮ್ಮ ಕಡೆ ಬೆಂಚೇ ಇಲ್ಲ. ಪರದೆಯೂ ಇಲ್ಲ. ಅಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಗೊಂಬೆಗಳಿಗೆ ಮಾಡಿಸಿದಷ್ಟು ಪುಟ್ಟವು, ಇಂಗ್ಲಿಷ್ ನರ್ಸರಿಗೆ. ಪಾಸ್ಟರು ಬಾಗಿಲಲ್ಲೇ ನಿಂತಿದ್ದರು.

"ಇವತ್ತು ಬೆಂಚು ಬೇಡ, ತಂಬಿ."

"ಯಾಕ್ರೀ?"

"ಕಮಿಟಿ ತೀರ್ಮಾನಂ." ಅವರು ನನ್ನ ಮುಖ ನೋಡಲಿಲ್ಲ. "ಕುರ್ಚಿಗೆ ಹೋದ ತಿಂಗಳೇ ಆರ್ಡರ್ ಕೊಟ್ಟುಬಿಟ್ಟಿದ್ದರು. ನನಗೂ ನಿನ್ನೆ ಟೆಂಪೋ ಬಂದಾಗಲೇ ಗೊತ್ತು."

ಹೋದ ತಿಂಗಳೇ! ಅಂದರೆ ಚೇರ್ಮನ್ನರು ನೋಡಲು ಬಂದದ್ದು ನಾಟಕವನ್ನಷ್ಟೇ. ಮೊಳೆ ಹೊಡೆದ ಅಜ್ಜನ ಹಬ್ಬಕ್ಕೆ ಬಂದು, ಚಪ್ಪಾಳೆ ತಟ್ಟಿ, ಅಜ್ಜ ಬಡಿದಾಡಿದ್ದು ಯಾವುದಕ್ಕೋ ಅದಕ್ಕೇ ಬೀಗ ಹಾಕಿ ಹೋಗಿದ್ದರು. ಪಾಸ್ಟರ ಬುಧವಾರದ ಮಾತನ್ನು ಅವರ ದನಿಯಲ್ಲೇ ಅವರಿಗೆ ಹಿಂದಿರುಗಿಸಬೇಕೆಂದು ಬಾಯಿ ತೆರೆದೆ. ದನಿ ಬರಲಿಲ್ಲ. ನನ್ನದೂ ಬರಲಿಲ್ಲ.

ಬೆಂಚುಗಳು ಹಿಂದಿನ ಅಂಗಳದಲ್ಲಿದ್ದವು, ನೀರಿನ ಟಾಂಕಿಯ ಪಕ್ಕ. ಕೆಲವು ಹಳಿಯ ಕಡೆ, ಕೆಲವು ಗಟಾರದ ಕಡೆ, ಒಂದು ಆಕಾಶದ ಕಡೆ ಮುಖ ಮಾಡಿಕೊಂಡು. ಸುಕುಮಾರಿ ಟೀಚರ್ ಅಲ್ಲೇ ಚೀಲ ಹಿಡಿದು ನಿಂತಿದ್ದರು. ಮಲ್ಲಮ್ಮನಿಗೆ ನಗು ಬರಲೆಂದು ನಾನು ಚೇರ್ಮನ್ನರ ದನಿ ತೆಗೆದೆ: "ಅರೆ ವಾ! ಕ್ಯಾ ಟ್ಯಾಲೆಂಟೆಡ್..."

"ಬಾಯಿ ಮುಚ್ಚಲೇ."

ಅವಳು ನಮ್ಮ ಬೆಂಚನ್ನು ಹುಡುಕಿ, ಒಬ್ಬಳೇ ಎಳೆದು, ಟೀಚರ ಕಡೆಗೆ ತಿರುಗಿಸಿದಳು. ಕೂತಳು. ಕಾಗದ ಬಿಚ್ಚಿ ಓದತೊಡಗಿದಳು. ನಮ್ಮೂರಿನ ಬಿಸಿಲನ್ನು ನಮ್ಮ ಅಜ್ಜಿ ಬೀಗ ಎಂದು ಕರೆಯುತ್ತಾಳೆ. ಮೊದಲಿನಿಂದ ಕೊನೆಯವರೆಗೂ ಓದಿದಳು. ನಡುವೆ ಕರ್ಜತ್ ಲೋಕಲ್ ಹಾದುಹೋದಾಗಲೂ ನಿಲ್ಲಲಿಲ್ಲ. ಟೀಚರ್ ಪ್ರತಿದಿನದ ಹಾಗೇ ಬಾಗಿ ನಿಂತು, "ನಿಧಾನ. ಅಲ್ಲಿ ಒಂದು ಉಸಿರು ತಕ್ಕೊ" ಎಂದು ತಿದ್ದಿದರು. ಮುಗಿದ ಮೇಲೆ "ಚೆಂದ ಓದಿದಿ" ಅಂದರು. ಮೋಡವೂ ಇರಲಿಲ್ಲ, ಅಂಥ ಬಿಸಿಲೂ ಇರಲಿಲ್ಲ. ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡು ಗೇಟಿನಾಚೆ ಹೋದರು. ವಾಶಿಯಲ್ಲಿ ತಮ್ಮನ ಮನೆಗೆ ಹೋದರೆಂದು ಆಮೇಲೆ ಕೇಳಿದೆ. ಅದಕ್ಕಿಂತ ಆಚೆ ಗೊತ್ತಿಲ್ಲ.

ನಾನು ಹಳಿ ದಾಟಿದೆ. ಮರಾಠಿಯಲ್ಲಿ ಅಣಕಿಸಲು ಹೊಸ ಮೇಷ್ಟ್ರುಗಳು ಸಿಕ್ಕರು. ಮಲ್ಲಮ್ಮ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಾ ಕೂತಳು.

ಈಗ ಮಿಮಿಕ್ರಿಯೇ ನನ್ನ ಅನ್ನ. ಡೊಂಬಿವಲಿ, ಠಾಣೆಯ ಕನ್ನಡದವರ ಸಮಾರಂಭಗಳಲ್ಲಿ ಕರೆಯುತ್ತಾರೆ. ಮುಂದಿನ ಸಾಲಿನಲ್ಲಿ ಬಿಳಿ ಅಂಗಿಯವರು ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಅವರ ಮಕ್ಕಳು, "ಪಪ್ಪಾ, ಕ್ಯಾ ಬೋಲಾ ಉಸ್ನೇ?" ಎಂದು ಅರ್ಥ ಕೇಳುತ್ತಾರೆ. ನಾನು ಬಾಗಿ ನಮಸ್ಕರಿಸುತ್ತೇನೆ. ಬಟಾಟೆವಡೆಗೂ ಹೊಟ್ಟೆಯಿದೆ. ಕಲ್ಯಾಣದ ಆ ಹಾಲ್ ಈಗ ಪೂರಾ ಇಂಗ್ಲಿಷ್. ಕುರ್ಚಿಗಳು ಹಗುರ, ಒಂದೇ ಕೈಯಲ್ಲಿ ತಿರುಗಿಸಬಹುದು. ಇನ್ನೊಂದು ತುದಿ ಹಿಡಿಯಲು ಯಾರೂ ಬೇಕಿಲ್ಲ.

ಮೊನ್ನೆ ನನ್ನದೊಂದು ವಿಡಿಯೋ ಯಾರ್ಯಾರದೋ ಫೋನು ಸುತ್ತಿ ಮಲ್ಲಮ್ಮನಿಗೆ ತಲುಪಿತು. ಅವಳು ಮುಂಬ್ರಾದಲ್ಲಿದ್ದಾಳೆ, ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಒಬ್ಬಳು ಮಗಳು. ನಾನು ಸಂಭ್ರಮದಿಂದ ಕನ್ನಡದಲ್ಲಿ ಉದ್ದನೆಯ ಮೆಸೇಜ್ ಬರೆದೆ. ಉತ್ತರ ವಾಯ್ಸಿನಲ್ಲಿ ಬಂತು.

"ಬರೀಬ್ಯಾಡೋ ಗಿಣಿ, ಮಾತಾಡಿ ಕಳಸು. ಓದೂದು ಮರ್ತು ಹೋಗೇತಿ."

ಸ್ವಲ್ಪ ಹೊತ್ತಿಗೆ ಇನ್ನೊಂದು: "ನನ್ ಮಗಳು ಕೇಳಾಕತ್ಯಾಳ, ನೀ ಸಾಲಿಗಿ ಹೋಗಿದ್ದಿ ಅಂತಿ, ಖರೇನ ಅಂತ. ಟೀಚರ್ ದನಿ ಮಾಡಿ ಕಳಸು, ಕೇಳಸ್ತೀನಿ."

ಮಾಡಿದೆ. ನಿಧಾನ, ನಿಧಾನ. ಅಲ್ಲಿ ಒಂದು ಉಸಿರು ತಕ್ಕೊ. ಅದೇ ಮೂಲ್ಕಿ, ಅದೇ ಮೆದು. ಆಮೇಲೆ ಅವಳ ದನಿ, ಮಗಳಿಗೆ ಹೇಳುವ ಹಾಗೆ, ಸಾಸಿವೆ ಸಿಡಿಯದ ಹಾಗೆ: "ನಮ್ಮೂರಿನ ಬಿಸಿಲನ್ನು ನಮ್ಮ ಅಜ್ಜಿ ಬೀಗ ಎಂದು ಕರೆಯುತ್ತಾಳೆ. ಕರೆಯದೆ ಬರುತ್ತದೆ, ಉಂಡರೂ ಹೋಗುವುದಿಲ್ಲ. ಸಂಜೆಗೆ ಅಜ್ಜಿ ಅದಕ್ಕೆ..."

ಉಸಿರು ತೆಗೆದುಕೊಂಡಳು. ಹಿಂದಿನಿಂದ ಲೋಕಲ್ಲಿನ ಸದ್ದು.

"ಸಂಜಿಗಿ ಅಜ್ಜಿ ಅದಕ್ಕ ಏನ್ ಹೇಳ್ತಿದ್ಳು ಲೇ? ಆಕಿನೂ ಹೋದ್ಳು, ಕೇಳೂಣಂದ್ರ. ಕಾಗದಾನೂ ಒಂದ ಮಳಿಗಿ ಶೆಡ್ಡಿನ್ಯಾಗ ಹೋತು. ನಿನಗ ನೆಪ್ಪೈತೇನ? ದಿನಾ ಪಕ್ಕದಾಗ ಕುಂತು ಕೇಳತಿದ್ದಿ."

ಫೋನ್ ಬಾಯಿಗೆ ಹಿಡಿದೆ. ಮಲ್ಲಮ್ಮ ಆ ಸಾಲು ಓದುತ್ತಿದ್ದ ದನಿ ನನ್ನಲ್ಲಿದೆ. ಎಲ್ಲಿ ಏರುತ್ತಿತ್ತು, ಎಲ್ಲಿ ಮುಗ್ಗರಿಸುತ್ತಿತ್ತು, ಟೀಚರ್ ಎಲ್ಲಿ ಹೂಂಗುಟ್ಟುತ್ತಿದ್ದರು, ಎಲ್ಲವೂ ಇದೆ. ದನಿ ಮಾತ್ರ ಇದೆ. ಅದರೊಳಗಿನ ಮಾತು ಎಷ್ಟು ತಡಕಿದರೂ ಸಿಗಲಿಲ್ಲ.

"ಇಲ್ಲ ಮಲ್ಲಿ," ಅಂದೆ, ಯಾರ ದನಿಯಲ್ಲೂ ಅಲ್ಲ. ಕಳಿಸಿದೆ.