ಸಾಗರ ದಾಟುವ ವಿಮಾನಕ್ಕೆ ಕೊಬ್ಬರಿ ಹಾರ

೧೯೭೭ನೇ ಇಸವಿ. ಆಗ ನಾನು ತುಮಕೂರಿನಲ್ಲಿ ನಾಟಕದ ಸೀನರಿ ಬಾಡಿಗೆಗೆ ಕೊಡುತ್ತಿದ್ದೆ. ಗುಬ್ಬಿಯ ನಾಟಕ ಕಂಪನಿಯೊಂದರಲ್ಲಿ ಪರದೆ ಎಳೆಯುವ ಆಳಾಗಿ ಸೇರಿದವನು, ಕಂಪನಿ ಮುಚ್ಚಿದಾಗ ಅವರ ಹಳೆಯ ಪರದೆ, ಕಿರೀಟ, ಸಿಂಹಾಸನಗಳನ್ನೆಲ್ಲ ಚೌಕಾಸಿ ಮಾಡಿ ಕೊಂಡು ತುಮಕೂರಿನ ಪಕ್ಕದ ಮರಳೂರಿನಲ್ಲಿ ಶೆಡ್ ಹಾಕಿದೆ. ಅವುಗಳಲ್ಲಿ ನನಗೆ ಹೆಚ್ಚು ಹೆಸರು ತಂದಿದ್ದು ಪುಷ್ಪಕ ವಿಮಾನ. ಬಿದಿರಿನ ಚೌಕಟ್ಟು, ಮೇಲೆ ಬಣ್ಣದ ಬಟ್ಟೆ. ರಂಗದ ಮೇಲೆ ಅಡ್ಡಲಾಗಿ ಕಟ್ಟಿದ ತೊಲೆಯಿಂದ ಗಾಲಿಯಲ್ಲಿ ತೂಗುಹಾಕಿ ಪಕ್ಕದಿಂದ ಹಗ್ಗ ಎಳೆದರೆ, ಒಳಗೆ ಕುಳಿತ ಪಾತ್ರಧಾರಿ ಮೇಲೇರಿ ಈ ಕಡೆಯಿಂದ ಆ ಕಡೆಗೆ ಹಾರುತ್ತಿದ್ದ.

ಒಂದು ದಿನ ಕುಣಿಗಲ್ ಕಡೆಯ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಪುಟ್ಟರಾಜು ಬಂದರು. ಸ್ಕೂಲ್ ಡೇಗೆ ನಾಟಕ ಬರೆದಿದ್ದರು, ಮುಖ್ಯ ಪಾತ್ರವೂ ಅವರದೇ. ಆಗ್ಗೆ ಐವತ್ತು ವರ್ಷ ಹಿಂದೆ ಅಮೆರಿಕದ ತರುಣನೊಬ್ಬ ಒಂಟಿಯಾಗಿ, ನಡುವೆ ಎಲ್ಲೂ ಇಳಿಯದೆ, ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಅಟ್ಲಾಂಟಿಕ್ ಸಾಗರ ದಾಟಿದ್ದನಂತೆ, ನಾಟಕ ಅವನ ಕತೆ. ಅವನಿಗಿಂತ ಮೊದಲು ಹೊರಟ ಕೆಲವರು ಸಮುದ್ರದ ಪಾಲಾಗಿದ್ದರು.

“ಪುಷ್ಪಕಕ್ಕೇ ಮುಂದೊಂದು ಫ್ಯಾನ್ ಸಿಗಿಸಿ ಕೊಡ್ತೀನಿ ಸಾರ್. ಮುಂದುಗಡೆ ಒಂದು ಕಿಟಕಿ ಕೊರೀಲಾ?” ಎಂದೆ.

“ಕಿಟಕಿ ಬ್ಯಾಡ. ಅವನ ಮುಂದೆ ಇದ್ದಿದ್ದು ಪೆಟ್ರೋಲ್ ಟ್ಯಾಂಕು. ಪಕ್ಕಕ್ಕೆ ಬಗ್ಗಿ ನೋಡ್ಕೊಂಡೇ ಹೋದ ಪುಣ್ಯಾತ್ಮ.”

ರೇಡಿಯೋ ಬೇಡ, ಪ್ಯಾರಾಚೂಟ್ ಬೇಡ, ಇಳಿಸಿದ ಭಾರದಷ್ಟೂ ಪೆಟ್ರೋಲ್ ತುಂಬಬಹುದು ಎಂದು ಅವನು ಲೆಕ್ಕ ಹಾಕಿದ್ದನ್ನು ಮೇಷ್ಟ್ರು ವಿವರಿಸಿದರು. ಯಾವುದು ಬೇಡ ಎಂದು ಮೊದಲೇ ಗೊತ್ತಿರುವವನ ಜೊತೆ ವ್ಯಾಪಾರ ಮಾಡುವುದು ಸುಖ. ನನಗೆ ಆ ಹುಡುಗ ಹಿಡಿಸಿಬಿಟ್ಟ.

ಸ್ಕೂಲಿನ ಮೈದಾನದಲ್ಲಿ ರಂಗ ಎದ್ದಿತು. ಅವರು ಕೊಟ್ಟಿದ್ದು ಸರ್ವೆ ಮರದ ತೊಲೆ, ನಾನು ಕೇಳಿದ್ದಕ್ಕಿಂತ ಸಣ್ಣದು. ಮರಳಿನ ಮೂಟೆ ತೂಗಿಸಿ ನೋಡಿದೆ. ಮೇಷ್ಟ್ರ ತೂಕ ಹೊರುತ್ತಿತ್ತು, ಮೇಲೆ ಒಂದಿಷ್ಟು. ಅದಕ್ಕಿಂತ ಹೆಚ್ಚಿಗೆ ನಂಬುವಂತಿರಲಿಲ್ಲ. ನಾಟಕದ ದಿನ ಬೆಳಿಗ್ಗೆಯಿಂದ ನಾನು ಕೂತಲ್ಲಿ ಕೂರಲಿಲ್ಲ. ನೂರು ಸಲ ತೊಲೆ ನೋಡಿರಬೇಕು.

ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ನೆಂಟರು ನಾಟಕ ನಿಲ್ಲಿಸಿ, ಮೇಲೆ ಹತ್ತಿ ಹಾರ ಹಾಕುತ್ತಾರೆ. ಅದು ಮುಗಿಯುವವರೆಗೂ ಹಾರ್ಮೋನಿಯಂ ನುಡಿಯುತ್ತಿರುತ್ತದೆ. ಸ್ಕೂಲಿನ ನಾಟಕಕ್ಕೆ ಇದೆಲ್ಲ ಇರುವುದಿಲ್ಲ ಎಂದುಕೊಂಡಿದ್ದೆ.

ಸಂಜೆ ಮೇಷ್ಟ್ರು ವಿಮಾನದಲ್ಲಿ ಕುಳಿತರು. ವಿಮಾನ ಇನ್ನೂ ಎದೆಯೆತ್ತರದಲ್ಲಿತ್ತು. ಕೆಳಗೆ ನೀಲಿ ಸೀರೆಗಳನ್ನು ಅಲುಗಿಸಿ ಸಮುದ್ರ ಮಾಡಿದ್ದರು. ಅಷ್ಟರಲ್ಲಿ ಮೇಷ್ಟ್ರಿಗೆ ಹೆಣ್ಣು ಕೊಟ್ಟ ಮಾವ ಚಿಕ್ಕೇಗೌಡರು ಯಡಿಯೂರಿನಿಂದ ಬಂದವರು ರಂಗ ಹತ್ತಿದರು. ಹಿಂದೆ ಇಬ್ಬರು ಹೊತ್ತು ತಂದಿದ್ದು ಅವರದೇ ತೋಟದ ಕೊಬ್ಬರಿ ಪೋಣಿಸಿದ ಆಳುದ್ದದ ಹಾರಗಳು. ಎರಡು ರೆಕ್ಕೆಗೂ ಒಂದೊಂದು ಬಿತ್ತು. ನೆಂಟರು ಮೂತಿಗೆ ಇನ್ನೆರಡು ಹಾಕಿದರು. ಯಾರೋ ಮೇಷ್ಟ್ರ ತೊಡೆಯ ಮೇಲೆ ಬಾಳೆಗೊನೆ ಇಟ್ಟರು.

ತೊಲೆ ಕಿರ್ರೆಂದಿತು. ಹಗ್ಗ ಹಿಡಿದಿದ್ದ ನನ್ನ ಆಳು ಕರಿಯಪ್ಪ ಪಿಸುಗುಟ್ಟಿದ: “ಅಣ್ಣೋ, ಕೈಲಿ ನಿಲ್ತಿಲ್ಲ ಕಣಣ್ಣ!”

ಜನ ಶಿಳ್ಳೆ ಹೊಡೆಯುತ್ತಿದ್ದರು. “ಆರ್ಸ್ರಲಾ! ಇಮಾನ ಆರ್ಸ್ರಲಾ!”

ನಾನು ರಂಗಕ್ಕೆ ನುಗ್ಗಿದೆ. “ಗೌಡ್ರೇ, ಭಾರ ಜಾಸ್ತಿ ಆಯ್ತು, ಹಾರ ತೆಗೀಬೇಕು.”

“ಏನಯ್ಯಾ, ಇಷ್ಟು ಜನದ ಮುಂದೆ ನಮ್ ಅಳೀಮಯ್ಯಂಗೆ ಆಕಿದ್ ಆರ ತೆಗೀಬೇಕಾ? ನಾನೇನು ಬಿಟ್ಟಿ ಬಂದಿದೀನಾ?”

“ಎರಡಾದ್ರೂ ತೆಗೀರಿ.”

“ಒಂದೂ ಇಲ್ಲ, ಓಗು!”

ಮೇಷ್ಟ್ರು ಒಳಗಿನಿಂದಲೇ ಬಾಳೆಗೊನೆ ನನ್ನ ಕೈಗೆ ದಾಟಿಸಿದರು. “ಅವನು ಪ್ಯಾರಾಚೂಟೇ ಬಿಟ್ಟು ಹೋದವನು, ನಾನು ಗೊನೆ ಹೊತ್ಕೊಂಡು ಹೋಗ್ಲಾ ಸ್ವಾಮಿ?” ಎಂದು ನಕ್ಕರು. ಮುಖ ಮಾತ್ರ ಬಿಳುಚಿಕೊಂಡಿತ್ತು. ಮಾವನ ಹಾರವನ್ನು ಅವರು ಮುಟ್ಟುವಂತಿರಲಿಲ್ಲ.

ಹಾರಿಸದಿದ್ದರೆ ನಾಟಕ ಹಾಳು, ಹಾರ ತೆಗೆದರೆ ನೆಂಟಸ್ತನ ಹಾಳು, ಹಾಗೇ ಹಾರಿಸಿದರೆ ಮೇಷ್ಟ್ರೇ ಇಲ್ಲ. ಗೌಡರ ಕಿವಿಗೆ ಬಾಗಿದೆ.

“ಗೌಡ್ರೇ, ಹೊರಡೋವಾಗ ಯಾರು ಬೇಕಾದ್ರೂ ಹಾರ ಹಾಕ್ತಾರೆ. ಸಮುದ್ರ ದಾಟಿ ಬಂದೋನ್ನ ಆಚೆ ದಡದಲ್ಲಿ ಎದುರುಗೊಳ್ಳೋರು ಯಾರು? ಆ ಹುಡುಗ ಇಳಿದಾಗ ಊರಿಗೆ ಊರೇ ಬಂದು ನಿಂತಿತ್ತಂತೆ. ಇಲ್ಲಿ ಆ ಜಾಗದಲ್ಲಿ ನಿಲ್ಲೋ ಯೋಗ್ಯತೆ ಯಾರಿಗಿದೆ?”

ಗೌಡರು ಆಚೆ ಪಕ್ಕವನ್ನೊಮ್ಮೆ, ಜನರನ್ನೊಮ್ಮೆ ನೋಡಿದರು. “ಅಂಗಾರೆ ಎಲ್ಲಾ ಆರಾನೂ ನಾನೇ ಆಕ್ತೀನಿ. ಬ್ಯಾರೆಯೋರು ಕೈ ಆಕಂಗಿಲ್ಲ.”

“ನೀವೇ, ನೀವೊಬ್ಬರೇ.”

ಅವರೇ ಹಾರಗಳನ್ನು ತೆಗೆದು ಹೆಗಲಿಗೇರಿಸಿಕೊಂಡು ಆಚೆ ದಡಕ್ಕೆ ನಡೆದರು. ಕರಿಯಪ್ಪ ಎಳೆದ. ವಿಮಾನ ಏರಿತು. ನಡುವೆ ಬಂದಾಗ ತೊಲೆ ಮತ್ತೆ ಕಿರ್ರೆಂದಿತು. ಮೇಷ್ಟ್ರು ಪಕ್ಕಕ್ಕೆ ಬಗ್ಗಿ ಕಣ್ಣಿಗೆ ಕೈ ಅಡ್ಡ ಹಿಡಿದು, “ದಡ ಕಾಣ್ತಿದೆ!” ಎಂದು ಕೂಗಿದರು. ಅದು ಬರೆದ ಮಾತೋ, ಹೆದರಿ ಬಂದದ್ದೋ, ಜನ ಮಾತ್ರ ಎದ್ದು ನಿಂತರು. ವಿಮಾನ ಇಳಿಯಿತು. ಗೌಡರು ಒಂದೊಂದಾಗಿ ಹಾರ ಹಾಕಿದರು, ಕೊನೆಯದಕ್ಕೆ ಮೇಷ್ಟ್ರ ಮಂಡಿ ಬಾಗಿತು.

ಜನ ಕರಗಿದ ಮೇಲೆ ತೊಲೆ ಇಳಿಸಿದೆವು. ನಡುವೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಗೌಡರು ಹತ್ತಿರ ಬಂದು ಅದಕ್ಕೆ ಬೆರಳಿಟ್ಟರು, ಬೆರಳು ಒಳಗೆ ಹೋಯಿತು.

ವ್ಯವಹಾರಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ: ಕೊಡಲು ಬಂದ ದೊಡ್ಡವರಿಗೆ ಬೇಡ ಎನ್ನಬೇಡಿ, ಎಲ್ಲಿ ಕೊಡಬೇಕು ಎಂದು ಒಳ್ಳೆಯ ಜಾಗ ತೋರಿಸಿ. ಚೌಕಾಸಿಯೆಂದರೆ ಬರೀ ಇಳಿಸುವುದು ಎಂದುಕೊಂಡಿದ್ದ ನನಗೆ ಅದನ್ನು ಕಲಿಸಿದ್ದು ಆ ಸಂಜೆ. ಆಮೇಲೆ ತೊಲೆಯನ್ನೂ ನಾನೇ ಒಯ್ಯುತ್ತಿದ್ದೆ.

ಗೌಡರು ಹೊರಡುವಾಗ ಸೀಳಿನಿಂದ ಕಣ್ಣು ತೆಗೆಯದೆ ಹೇಳಿದ್ದು ಒಂದೇ ಮಾತು: “ನನ್ ಮಗಳಿಗೆ ಯೋಳ್ಬ್ಯಾಡ ಕಣಪ್ಪಾ.”