ಅವಳಿಗೆ ಹುಚ್ಚಿರಲಿಲ್ಲ, ಜ್ವರವಿತ್ತು

ಕುಮಟೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ಕಾಲುನೋವು. ಅರವತ್ತರ ದಶಕ. ಇಡೀ ಹೆಂಗಸರ ವಾರ್ಡಿಗೆ ಪಾಳಿಗೊಬ್ಬಳು. ತೀವ್ರ ನಿಗಾ ಘಟಕ ಎಂಬುದೆಲ್ಲ ಆಗ ಎಲ್ಲಿತ್ತು? ತೀರಾ ಕಷ್ಟದಲ್ಲಿದ್ದವರನ್ನು ನಮ್ಮ ಮೇಜಿನ ಪಕ್ಕದ ಮಂಚಕ್ಕೆ ತರುತ್ತಿದ್ದೆವು. ನಮ್ಮ ನಿಗಾ ಅಂದರೆ ಅಷ್ಟೇ.

ಆ ಮಂಚಕ್ಕೆ ಹೊಳೆದಂಡೆಯ ಅಘನಾಶಿನಿ ಊರಿನ ಒಬ್ಬ ಬಾಣಂತಿ ಬಂದಳು. ಚೊಚ್ಚಲ ಹೆರಿಗೆ ಮನೆಯಲ್ಲೇ ಆಗಿ ಜ್ವರ ಏರಿತ್ತು. ಬೆಳಿಗ್ಗೆ ಸರಿಯಾಗಿಯೇ ಮಾತಾಡುವಳು, ಮಗುವಿಗೆ ಹಾಲೂಡುವಳು. ಸಂಜೆಯಾದರೆ ಬೇರೆಯೇ ಹೆಂಗಸು. ನೀರಿಳಿದ ಹೊಳೆಯಲ್ಲಿ ಚಿಪ್ಪಿ ಆರಿಸುವಂತೆ ಹೊದಿಕೆಯನ್ನು ಕೆದಕುತ್ತ, "ನೀರು ಏರ್ತದೆ, ಬುಟ್ಟಿ ಎತ್ತಿ" ಎನ್ನುವಳು. ಒಂದು ಸಂಜೆ ಅತ್ತೆ ಮಗುವನ್ನು ಪಕ್ಕದಲ್ಲಿ ಮಲಗಿಸಲು ಹೋದಾಗ, "ಇದು ಯಾರ ಮನೇದು? ಅವ್ರಿಗೇ ಕೊಡಿ" ಎಂದು ದೂಡಿಬಿಟ್ಟಳು.

ಅದು ಪಾಳಿ ಬದಲಾಗುವ ಹೊತ್ತು. ಮಂಚದ ಕಾಲ್ದೆಸೆಯಲ್ಲಿ ನಿಂತು, ರೋಗಿಯ ಸಂಗತಿಯನ್ನು ಗಟ್ಟಿಯಾಗಿ ಹೇಳಿ ಒಪ್ಪಿಸುವುದು ನಮ್ಮ ಪದ್ಧತಿ. ಹಿರಿಯ ಸಿಸ್ಟರ್ ಕೆಟ್ಟವರೇನಲ್ಲ, ದಿನವಿಡೀ ದುಡಿದು ಸಾಕಾಗಿತ್ತು. "ಇವಳಿಗೆ ಹುಚ್ಚು ಹಿಡದದೆ, ನೋಡ್ಕೊ" ಎಂದು ನನಗೆ ಹೇಳಿ ಹೊರಟರು. ಅತ್ತೆ ಅಲ್ಲೇ ನಿಂತಿದ್ದರು. ಮರುದಿನ ಬೆಳಗಾಗುತ್ತಲೇ ಮಗುವನ್ನು ಎತ್ತಿಕೊಂಡು ಊರಿಗೆ ಹೋದರು. ಆ ಮಾತೂ ಅವರ ಜೊತೆ ಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು ಬರುವುದು ಬೆಳಿಗ್ಗೆ, ಅವಳು ನೆಟ್ಟಗಿರುವಾಗ. ಸಂಜೆ ಹುಚ್ಚಾಟ ಆಡುತ್ತಾಳೆ ಎಂದರೆ ನಿದ್ದೆಯ ಮದ್ದು ಬರೆದು ಮುಂದೆ ಹೋಗುತ್ತಿದ್ದರು. ಆ ದಿನ ಅವರನ್ನು ಬಾಗಿಲಾಚೆ ನಿಲ್ಲಿಸಿ ಹೇಳಿದೆ: "ನಿನ್ನೆ ಬೆಳಿಗ್ಗೆ ಮಗುವಿನ ಗುರುತು ಸಿಕ್ತು, ಸಂಜೆ ಸಿಗ್ಲಿಲ್ಲ. ಈಗ ಮತ್ತೆ ಮಗು ಎಲ್ಲಿ ಅಂತ ಕೇಳ್ತಾಳೆ. ಜ್ವರ ಏರಿದಾಗೆಲ್ಲ ಹೀಗೇ ಆಗ್ತದೆ." ಅವರು ತಿರುಗಿ ಬಂದು ಅವಳ ಹೊಟ್ಟೆ ಒತ್ತಿ ನೋಡಿದರು. ನಂಜು ಇನ್ನೂ ಒಳಗಿದೆ ಎಂದು ನಿದ್ದೆಯ ಮದ್ದು ನಿಲ್ಲಿಸಿ, ಪೆನಿಸಿಲಿನ್ ಹೆಚ್ಚಿಸಿದರು.

ಅಂದಿನಿಂದ ನಾನು ಹಾಗೆಯೇ ಒಪ್ಪಿಸತೊಡಗಿದೆ. ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿನಿಂದ ಹೀಗೆ. ಅದೂ ಮಂಚದಿಂದ ದೂರ, ಸಣ್ಣ ದನಿಯಲ್ಲಿ. "ದೊಡ್ಡ ಡಾಕ್ಟರಮ್ಮ ಬಂದ್ಳು" ಎಂದು ಹಿರಿಯ ಸಿಸ್ಟರುಗಳು ನಕ್ಕರು. ನಗಲಿ ಎಂದುಕೊಂಡೆ. ಜಗಳಕ್ಕೆ ತ್ರಾಣವಿರಲಿಲ್ಲ.

ಜ್ವರ ಬಿಟ್ಟು ಅವಳು ಮನೆಗೆ ಹೋದಳು. ಕೆಲವೇ ದಿನಗಳಲ್ಲಿ ಗಂಡನ ಜೊತೆ ಮತ್ತೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಎದೆಹಾಲು ಸೋರಿ ರವಿಕೆ ಒದ್ದೆಯಾಗಿತ್ತು.

"ಅತ್ತೆ ಮಗು ಕೊಡೂದಿಲ್ಲ ಬಾಯಿ. ಹುಚ್ಚಿ ಕೈಲಿ ಹೆಂಗೆ ಕೊಡೂದು ಅಂತ್ರು. ಆಸ್ಪತ್ರೆಯವ್ರೇ ಹೇಳಿದ್ದಂತೆ. ನಾ ಎಂತ ಮಾಡೂದು? ನೀವೇ ಬಂದು ಅಲ್ಲ ಅಂತ ಹೇಳಿ."

ನರ್ಸುಗಳನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುತ್ತಿದ್ದರು. ಆಗಲ್ಲ ಎನ್ನಲು ನನ್ನಿಂದಾಗಲಿಲ್ಲ. ಮಲಗಿ ಸುಧಾರಿಸಿಕೊಳ್ಳಬೇಕು ಎಂದುಕೊಂಡಿದ್ದ ರಜೆಯ ದಿನ ಅಘನಾಶಿನಿಗೆ ಹೋದೆ.

ಅತ್ತೆ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಅದು ಹುಚ್ಚಲ್ಲ, ಜ್ವರ ತಲೆಗೇರಿತ್ತು, ಈಗ ಇಳಿದಿದೆ ಎಂದೆ.

"ಹಾಂಗಾದ್ರೆ ಆ ಬಾಯಿ ಹೇಳಿದ್ದು ಸುಳ್ಳಾ?"

"ತಪ್ಪು. ದಣಿದಿದ್ರು, ಬಾಯಿಗೆ ಬಂದದ್ದು ಅಂದ್ರು. ಹಾಗೆ ಹೇಳ್ಬಾರದಿತ್ತು."

ಅವರು ಸೊಸೆಯತ್ತ ನೋಡಿದರು. "ಆತು" ಎಂದು ಮಗುವನ್ನು ಎತ್ತಿ ಕೊಟ್ಟರು, ನನ್ನ ಕೈಗೆ. ಪಕ್ಕದಲ್ಲೇ ಕೈಚಾಚಿ ನಿಂತಿದ್ದ ಅವಳಿಗೆ ನಾನು ದಾಟಿಸಿದೆ. ಅವಳು ಗೋಡೆಗೆ ಒರಗಿ ಕೂತು ಮೊಲೆಯೂಡಿಸತೊಡಗಿದಳು. ನನಗೆ ಅಳು ಬಂತು. ಇನ್ನು ಹೋಗಿ ಮಲಗಬಹುದು ಎಂದು ಹೊರಟೆ.

ಅತ್ತೆ ನನ್ನ ಸೆರಗು ಹಿಡಿದರು. "ಕತ್ತಲಾಗೂ ತನಕ ಇಲ್ಲೇ ಕೂತಿರಿ ಬಾಯಿ."