ಕೊನೆಯವರು ಕೂರುವ ತನಕ

ನಾನು ಜಂಬ ಕೊಚ್ಚಿಕೊಳ್ಳುವ ಪೈಕಿಯಲ್ಲ ಎಂದು ಈ ಬರಹವನ್ನು ಶುರು ಮಾಡಿದ್ದೆ. ಹಿಂದೆ ನಿಂತು ಓದುತ್ತಿದ್ದ ನಮ್ಮ ಯಜಮಾನರು, ಮೋಹನ್, ಸಣ್ಣಗೆ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ವಾಕ್ಯವನ್ನು ಅಳಿಸಿದೆ. ನಿಜ ಹೇಳಿಬಿಡುವುದೇ ಮೇಲು. ಮನೆಯ ಬಗ್ಗೆ ನನಗೆ ಜಂಬವಿಲ್ಲ. ಅಮೆರಿಕದ ಅಟ್ಲಾಂಟಾ ಪಕ್ಕದ ಕಮ್ಮಿಂಗಿನ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು, ಪಕ್ಕದವರ ಗರಾಜಿನ ಮುಂದೆ ಕಾರು ನಿಲ್ಲಿಸಿಕೊಂಡು ನಮ್ಮ ರಿಮೋಟ್ ಒತ್ತುತ್ತಾ ಕೂತವಳು ನಾನು. ಕೆಲಸದ ಬಗ್ಗೆಯೂ ಇಲ್ಲ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ನಮ್ಮ ಕಡೆ ಅತ್ತೆಯಂದಿರು ಇದನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ನನ್ನ ಜಂಬವೆಲ್ಲ ಇರುವುದು ಒಂದು ಬೆಟ್ಟದ ಮೇಲೆ.

ಪ್ರತಿ ಡಿಸೆಂಬರಿನ ಕೊನೆಯ ಶನಿವಾರ ನಾವು ಒಂದಷ್ಟು ಕನ್ನಡದ ಮನೆಯವರು ಉತ್ತರ ಕೆರೊಲೈನಾದ ಒಂದು ಕಾಡುಬೆಟ್ಟ ಹತ್ತುತ್ತೇವೆ. ಕಮ್ಮಿಂಗಿನಿಂದ ನಾವು, ಜಾನ್ಸ್ ಕ್ರೀಕಿನಿಂದ ಪ್ರಕಾಶನ ಮನೆಯವರು, ಏಪೆಕ್ಸಿನಿಂದ ಧಾರವಾಡದ ಪಾಟೀಲ ಡಾಕ್ಟರ ಸಂಸಾರ, ಜೊತೆಗೆ ಆ ವರ್ಷ ಯಾರ ಮನೆಗೆ ಯಾರು ಬಂದಿರುತ್ತಾರೋ ಅವರು. ಇದು ಶುರುವಾದದ್ದು ಕೊರೊನಾದ ಮೊದಲ ಚಳಿಗಾಲದಲ್ಲಿ. ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ, ಮನೆಗೊಂದು ಅಡಿಗೆ ತಂದು ಹಂಚಿ ತಿನ್ನುವ ವರ್ಷಾಂತ್ಯದ ಪಾಟ್‌ಲಕ್ ನಿಂತಿತ್ತು. ಮನುಷ್ಯರ ಮುಖ ನೋಡದೆ ಎಲ್ಲರಿಗೂ ತಲೆ ಕೆಟ್ಟಿತ್ತು. "ಮನೆಯೊಳಗೆ ಸೇರೋ ಹಾಗಿಲ್ಲ ಅಂದ್ರೆ ಬೆಟ್ಟದ ಮೇಲೆ ಸೇರೋಣ" ಎಂದವಳು ನಾನೇ. ಎಲ್ಲರೂ ನಕ್ಕರು, ಆಮೇಲೆ ಬಂದರು. ಕಾಯಿಲೆ ತಗ್ಗಿತು, ಬಾಗಿಲುಗಳು ತೆರೆದವು, ಪಾಟ್‌ಲಕ್‌ಗಳು ಮತ್ತೆ ಶುರುವಾದವು. ಬೆಟ್ಟ ಮಾತ್ರ ನಮ್ಮನ್ನು ಬಿಡಲಿಲ್ಲ. ಜನವರಿಯಲ್ಲಿ ಆಫೀಸಿನವರು ತಾವು ಹೋದ ಕ್ರೂಸು, ಕಡಲತೀರಗಳ ಕತೆ ಹೇಳುವಾಗ ನಾನು ಕಾಫಿ ಕುಡಿಯುತ್ತಾ ಕಾಯುತ್ತೇನೆ. ನನ್ನ ಸರದಿ ಬಂದಾಗ, ಏನೂ ದೊಡ್ಡ ವಿಷಯವಲ್ಲ ಎನ್ನುವ ದನಿಯಲ್ಲಿ, ಹಿಮದಲ್ಲಿ ಬೆಟ್ಟ ಹತ್ತಿದೆವು ಎನ್ನುತ್ತೇನೆ. ಆ ದನಿಯನ್ನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿರುತ್ತೇನೆ.

ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅಮ್ಮನಿಗೆ ಮೊದಲ ವರ್ಷ ಇದು ಅರ್ಥವೇ ಆಗಲಿಲ್ಲ. "ಮೇಲೆ ಯಾವ ದೇವರಿದೆ?" ಎಂದು ಫೋನಿನಲ್ಲಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ದೇವರಿಲ್ಲದ ಬೆಟ್ಟ ಹುಡುಕುವುದು ಕಷ್ಟ. ಸಣ್ಣ ಗುಡ್ಡವಾದರೂ ತುದಿಯಲ್ಲಿ ಒಬ್ಬ ರಂಗಪ್ಪನೋ ಒಬ್ಬ ಅಮ್ಮನವರೋ ಕೂತಿರುತ್ತಾರೆ. ಚಾಮುಂಡಿ ಬೆಟ್ಟದಲ್ಲಿ ಮೆಟ್ಟಿಲಿಗೊಂದು ಕುಂಕುಮದ ಬೊಟ್ಟು ಇಡುತ್ತಾ ಹತ್ತುವವರನ್ನು ನೋಡಿ ಬೆಳೆದವಳು ನಾನು. ಹತ್ತುವುದಕ್ಕೆ ಒಂದು ಕಾರಣ ಬೇಕು, ಆ ಕಾರಣ ಮೇಲೆ ಕೂತಿರಬೇಕು. ಇಲ್ಲಿಯ ತುದಿಯಲ್ಲಿರುವುದು ಎತ್ತರ ಬರೆದ ಒಂದು ಮರದ ಹಲಗೆ ಮಾತ್ರ. ಅಮ್ಮನಿಗೆ ಏನು ಹೇಳುವುದು ಎಂದು ತೋಚದೆ, "ಮೇಲೆ ಪುಳಿಯೋಗರೆ ಇರುತ್ತೆ ಅಮ್ಮ" ಎಂದೆ. ಅವಳು ಸಮಾಧಾನಪಟ್ಟುಕೊಂಡಳು. "ಸರಿ ಬಿಡು. ಪ್ರಸಾದ ಇದ್ದ ಮೇಲೆ ದೇವರು ಅಲ್ಲೇ ಎಲ್ಲೋ ಇರ್ತಾನೆ."

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಅವರು ಹಿಮ ಕಂಡವರಲ್ಲ. ಹಿಮ ಬಿದ್ದ ಮೇಲೆ ಹತ್ತಿರದ ಬೆಟ್ಟವೂ ನುಣ್ಣಗೇ ಇರುತ್ತದೆ, ತೊಂದರೆ ಶುರುವಾಗುವುದೇ ಅದರಿಂದ. ನಮ್ಮ ಅಟ್ಲಾಂಟಾ ಕಡೆಯ ಜನಕ್ಕಂತೂ ಹಿಮವೆಂದರೆ ಗಾಬರಿ. ನಾಲ್ಕು ಚೂರು ಬೀಳಬಹುದು ಎಂದು ಟೀವಿಯಲ್ಲಿ ಹೇಳಿದರೆ ಸಾಕು, ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಮಾಯ. ಅಂಥ ಊರಿನಿಂದ ಹೊರಟು, ಮೈಗೆ ಮೂರು ಪದರ ಬಟ್ಟೆ, ಅದರ ಮೇಲೆ ಊರಿಂದ ತಂದ ಮಂಕಿ ಕ್ಯಾಪು, ಬೂಟಿನ ತಳಕ್ಕೆ ಜಾರದಂತೆ ಮುಳ್ಳಿನ ಚೈನು ಹಾಕಿಕೊಂಡು ನಾವು ಕಾಡಿನೊಳಗೆ ನಡೆಯುವುದನ್ನು ನೀವು ನೋಡಬೇಕು. ಕಣ್ಣುಗಳ ಹೊರತು ಮುಖದಲ್ಲಿ ಬೇರೇನೂ ಕಾಣದಿರುವುದರಿಂದ ಯಾರು ಯಾರೆಂದು ತಿಳಿಯುವುದು ಮಾತು ಶುರುವಾದ ಮೇಲೆಯೇ. ಒಮ್ಮೆ ನಾನು ಬಹಳ ದೂರ ಪಾಟೀಲ ಡಾಕ್ಟರಿಗೆ ಗಂಡನ ಮೇಲೆ ದೂರು ಹೇಳುತ್ತಾ ನಡೆದೆ, ಅದು ಗಂಡನೇ ಆಗಿತ್ತು.

ಈ ಚಾರಣಕ್ಕೆ ಒಂದೇ ಒಂದು ನಿಯಮ. ಗುಂಪಿನ ಕೊನೆಯವರು ಬಂದು ಕೂರುವ ತನಕ ಯಾರೂ ಊಟದ ಡಬ್ಬಿ ತೆರೆಯುವಂತಿಲ್ಲ. ಇದು ಹುಟ್ಟಿದ್ದು ಪ್ರಕಾಶನಿಂದ. ಪ್ರಕಾಶ ಮ್ಯಾರಥಾನ್ ಓಡುವವನು. ನನ್ನನ್ನು ಅಕ್ಕಾ ಎನ್ನುತ್ತಾನೆ, ಆದರೆ ಅಕ್ಕನಿಗಾಗಿ ನಿಲ್ಲುವುದಿಲ್ಲ. ಮೊದಲ ವರ್ಷ ಎಲ್ಲರಿಗಿಂತ ಮುಂಚೆ ತುದಿ ಮುಟ್ಟಿ, ನಾವು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಕಾಯಿಚಟ್ನಿಯ ಡಬ್ಬಿ ಖಾಲಿ ಮಾಡಿ ಬೆರಳು ಚೀಪುತ್ತಿದ್ದ. ನನಗೆ ಚಿಕ್ಕಂದಿನ ಮದುವೆಮನೆಗಳ ಪಂಕ್ತಿ ನೆನಪಾಯಿತು. ಕಟ್ಟಕಡೆಯ ಎಲೆಗೆ ಅನ್ನ ಬೀಳುವ ತನಕ ಮೊದಲ ಎಲೆಯವನೂ ಕೈ ಕಟ್ಟಿ ಕೂತಿರಬೇಕು. ಹಪ್ಪಳದ ತುದಿ ಮುರಿದರೂ ಅಜ್ಜಿಯ ಕಣ್ಣು ಬೀಳುತ್ತಿತ್ತು. ಹಸಿವು ಎಲ್ಲರಿಗೂ ಒಂದೇ ಎಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಅಲ್ಲೇ, ಹಿಮದ ಮೇಲೆ ನಿಂತು, ನಿಯಮ ಘೋಷಿಸಿದೆ.

ಆಮೇಲೆ ಪ್ರತಿ ವರ್ಷ ಅದನ್ನು ಹೆಡ್‌ಮಿಸ್ ಹಾಗೆ ಜಾರಿ ಮಾಡಿದೆ. ಡಬ್ಬಿಗಳ ಮೇಲೆ ಒಂದು ಕೈ ಇಟ್ಟುಕೊಂಡು ತುದಿಯಲ್ಲಿ ನಿಂತಿರುತ್ತಿದ್ದೆ. ಕೆಳಗಿನಿಂದ ಕುಂಟುತ್ತಾ ಬರುವವರಿಗೆ, "ಬನ್ನಿ ಬನ್ನಿ, ಇನ್ನೇನು ಬಂತು!" ಎಂದು ಧೈರ್ಯ ತುಂಬುತ್ತಿದ್ದೆ. ಹೀಗೆ ಮೇಲಿನಿಂದ ಧೈರ್ಯ ತುಂಬುವುದರಲ್ಲಿ ಇರುವ ಸುಖ ಹತ್ತುವುದರಲ್ಲೂ ಇಲ್ಲ. ನಾನೇ ಒಂದು ದಿನ ಕೊನೆಯವಳಾಗಬಹುದು ಎಂಬ ಯೋಚನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಬಲಮಂಡಿ ಕೈಕೊಟ್ಟಿತು. ಆಪರೇಷನ್ ಮಾಡಿ ಹೊಸ ಮಂಡಿ ಕೂರಿಸಿದರು. ಹಾಸಿಗೆಯಿಂದ ಏಳುವ ಮೊದಲೇ ನಾನು ಡಿಸೆಂಬರಿನ ಮಾತು ಎತ್ತಿದೆ. ಮೋಹನ್ ಬೇಡವೆಂದರು. ಪಾಟೀಲ ಡಾಕ್ಟರಿಗೆ ಫೋನ್ ಮಾಡಿದರೆ ಅವರು ನಕ್ಕು, "ಹತ್ತಬ್ಯಾಡ್ರಿ ಅನ್ನಂಗಿಲ್ಲ ನಾನು. ಆದ್ರ ಹತ್ತಿದ ಮ್ಯಾಲ ಇಳೀಬೇಕಾಗ್ತದ, ಅದನ್ನ ನೆನಪಿಟ್ಕೋರಿ" ಎಂದರು. ನನ್ನ ಹೆದರಿಕೆ ಬೇರೆಯದೇ ಆಗಿತ್ತು. ಪ್ರತಿ ಗುಂಪಿನಲ್ಲೂ ಒಂದು ಜಾಗ ಇರುತ್ತದೆ, ನಿಮಗೂ ಗೊತ್ತು: "ನೀವು ಕಾರಲ್ಲೇ ಆರಾಮಾಗಿ ಕೂತಿರಿ, ನಾವು ಹೋಗಿ ಬರ್ತೀವಿ" ಎನ್ನಿಸಿಕೊಳ್ಳುವವರ ಜಾಗ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ಸಲ ಅಲ್ಲಿ ಕೂತರೆ ಮುಂದಿನ ವರ್ಷ ಕೇಳುವುದೂ ಇಲ್ಲ, ಕೈಗೆ ಕಾಫಿಯ ಫ್ಲಾಸ್ಕು ಕೊಟ್ಟು ಹೋಗುತ್ತಾರೆ. ಆ ಜಾಗದಲ್ಲಿ ಕೂರಲು ನನಗೆ ಇಷ್ಟವಿರಲಿಲ್ಲ. ಈ ವರ್ಷ ತುದಿ ಮುಟ್ಟದಿದ್ದರೆ ಅದು ನನ್ನದೇ ಆಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಹಟ ಹಿಡಿದು ಹೊರಟೆ.

ಹಿಂದಿನ ರಾತ್ರಿ ಚೆನ್ನಾಗಿ ಹಿಮ ಬಿದ್ದಿತ್ತು. ಸ್ಪ್ರೂಸ್ ಮರಗಳ ಕೊಂಬೆಗಳು ಭಾರಕ್ಕೆ ಬಾಗಿದ್ದವು. ದಾರಿಯ ಎರಡೂ ಕಡೆ ರೋಡೋಡೆಂಡ್ರನ್ ಪೊದೆಗಳು, ಚಳಿಗೆ ಅವುಗಳ ಎಲೆಗಳು ಸುರುಳಿ ಸುತ್ತಿಕೊಂಡು ಬೀಡಾದಂಗಡಿಯಲ್ಲಿ ಮಡಿಚಿಟ್ಟ ವೀಳ್ಯದೆಲೆಯ ಹಾಗೆ ನೇತಾಡುತ್ತಿದ್ದವು. ಪುಳಿಯೋಗರೆ ಡಬ್ಬಿ ಹೊತ್ತ ಮೋಹನ್ ಅವರನ್ನು ನಾನೇ ಮುಂದೆ ಅಟ್ಟಿದ್ದೆ, ಪಕ್ಕದಲ್ಲಿದ್ದರೆ ಹೆಜ್ಜೆಗೊಮ್ಮೆ "ನೋವಾ?" ಎಂದು ಕೇಳುತ್ತಾರೆ. ಜೊತೆಗಿದ್ದವಳು ಮಗಳು ಇಂಚರ. ಕಾಲೇಜಿನಿಂದ ರಜಕ್ಕೆ ಬಂದಿದ್ದಳು. ಎರಡು ಕೋಲು ಊರಿಕೊಂಡು ನಾನು ನಡೆದೆ. ಪಾಟೀಲರ ಮನೆಯ ಮಕ್ಕಳು ನನ್ನನ್ನು ದಾಟಿ ಹೋದರು. ಅವರ ಅಜ್ಜಿಯೂ ದಾಟಿ ಹೋದರು, ಹೋಗುವಾಗ ತಿರುಗಿ, "ಬರ್ರಿ ಬರ್ರಿ, ಬಂತು ಇನ್ನ" ಎಂದರು. ಆ ಮಾತು ಕೇಳುವವರಿಗೆ ಹೇಗಿರುತ್ತದೆ ಎಂದು ನನಗೆ ಆವತ್ತು ತಿಳಿಯಿತು.

ತುದಿಗೆ ಸ್ವಲ್ಪವೇ ಕೆಳಗೆ ದಾರಿ ಕಲ್ಲಿನ ಮೆಟ್ಟಿಲುಗಳಾಗುತ್ತದೆ. ಆವತ್ತು ಅವುಗಳ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿತ್ತು. ಮೊದಲ ಮೆಟ್ಟಿಲಿಗೆ ಬಲಗಾಲು ಇಟ್ಟೆ, ಮಂಡಿ ಒಪ್ಪಲಿಲ್ಲ. ಎಡಗಾಲು ಇಟ್ಟೆ, ಬಲಗಾಲು ಹಿಂದೆಯೇ ಉಳಿಯಿತು. ಮತ್ತೊಮ್ಮೆ, ಮಗದೊಮ್ಮೆ. ಮೇಲಿನಿಂದ ನಮ್ಮವರ ನಗು, ಹರಟೆ ಕೇಳಿಸುತ್ತಿತ್ತು, ಅಷ್ಟು ಹತ್ತಿರ.

"ಅಮ್ಮ, ಸ್ಟಾಪ್. ಯು ಆರ್ ಶೇಕಿಂಗ್" ಎಂದಳು ಇಂಚರ.

"ಚಳಿಗೆ" ಎಂದೆ. ಕಣ್ಣಲ್ಲಿ ನೀರೂ ಬಂದಿತ್ತು, ಅದೂ ಚಳಿಗೇ ಎನ್ನುವವಳಿದ್ದೆ, ಅವಳು ಕೇಳಲಿಲ್ಲ. ಹತ್ತಿದರೂ ಇಳಿಯುವುದು ಹೇಗೆ ಎಂಬ ಪಾಟೀಲರ ಮಾತು ನೆನಪಾಯಿತು. ಸೋತೆ. ಅವರು ಊಟ ಶುರು ಮಾಡಲಿ ಎಂದು ಹೇಳಬೇಕಿತ್ತು, ಆದರೆ ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಲು ಮಗಳು ಸುತರಾಂ ಒಪ್ಪಲಿಲ್ಲ. ಎರಡೂ ಕೈಗಳನ್ನು ಬಾಯಿಗೆ ಹಿಡಿದು, ತನ್ನ ಅಮೆರಿಕದ ಕನ್ನಡದಲ್ಲಿ ಕೂಗಿದಳು: "ಎಲ್ಲರೂ ಊಟ ಮಾಡಿ! ಅಮ್ಮ ಬರಲ್ಲ!"

ಮೇಲೆ ನಗು ನಿಂತಿತು. ಆ ಮೌನದಲ್ಲಿ ನಿಂತಷ್ಟು ನಾಚಿಕೆಯಿಂದ ನಾನು ಇನ್ನೆಲ್ಲೂ ನಿಂತಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಂಜುಗಡ್ಡೆಯ ಮೇಲೆ ಕಬ್ಬಿಣದ ಮುಳ್ಳುಗಳು ಕರಕರ ಎನ್ನುವ ಸದ್ದು. ಮೊದಲು ಕಾಣಿಸಿದ್ದು ಪ್ರಕಾಶ, ಹಿಂದೆ ಡಬ್ಬಿ ಅಪ್ಪಿಕೊಂಡ ಮೋಹನ್, ಅವರ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ಎಲ್ಲರೂ. ಅಜ್ಜಿಯನ್ನು ಇಬ್ಬರು ನಡುವೆ ಹಿಡಿದು ಇಳಿಸುತ್ತಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು.

"ಯಾಕ್ರೀ ಇಳಿದು ಬಂದ್ರಿ? ತಿನ್ನಿ ಅಂತ ಕೂಗಿ ಹೇಳ್ಲಿಲ್ವಾ?"

ಪ್ರಕಾಶ ಬೆನ್ನಿನ ಬ್ಯಾಗು ಇಳಿಸಿದ. "ಅಕ್ಕಾ, ಒಂದು ಚಟ್ನಿಗೋಸ್ಕರ ಇಷ್ಟು ವರ್ಷ ನಿಮ್ಮ ಹತ್ರ ಬೈಸ್ಕೊಂಡಿದೀನಿ. ಈಗ ನೀವೇ ರೂಲ್ ಬ್ರೇಕ್ ಮಾಡಿ ಅಂದ್ರೆ ನಾನು ಕೇಳಲ್ಲ. ಕೂತ್ಕೊಳ್ಳಿ ಮೊದಲು."

"ಲಗೂನ ಕೂಡ್ರಿ" ಎಂದರು ಪಾಟೀಲ ಡಾಕ್ಟರು. "ನಮಗೆಲ್ಲ ಹೊಟ್ಟಿ ಹಸ್ದಾವ."

ಕೂರುವುದು ಹೇಗೆ? ಹೊಸ ಮಂಡಿ ನೆಲದ ಮೇಲೆ ಕೂರುವಷ್ಟು ಮಡಚಿಕೊಳ್ಳುವುದಿಲ್ಲ. ನಾನು ಕೂರದೆ ಯಾರೂ ತಿನ್ನುವುದಿಲ್ಲ. ದಾರಿಯ ಪಕ್ಕದ ಒಂದಿಷ್ಟು ಸಮತಟ್ಟು ಜಾಗದಲ್ಲಿ ದೊಡ್ಡ ಸಭೆಯೇ ನಡೆಯಿತು. ಕಡೆಗೆ ಎಲ್ಲರ ಬ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಅಜ್ಜಿಯ ಶಾಲು ಹಾಸಿ, ಇಬ್ಬರು ತೋಳು ಹಿಡಿದು ನನ್ನನ್ನು ಕೂರಿಸಿದರು. ಕೂತದ್ದೇ ತಡ, ಚಪ್ಪಾಳೆ, ಕೇಕೆ, ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು. ಮೊಸರನ್ನ ಗಟ್ಟಿಯಾಗಿ ಹೋಗಿತ್ತು, ಚಮಚ ನಾಟಲಿಲ್ಲ. ಪ್ರಕಾಶ ಚಟ್ನಿಯ ಡಬ್ಬಿ ತೆರೆದು ಮೊದಲು ನನ್ನ ಮುಂದೆ ಹಿಡಿದ.

ಇಲ್ಲಿ ನಾಲ್ಕು ಮಾತು ಬುದ್ಧಿವಂತಿಕೆಯಿಂದ ಬರೆಯಬೇಕಿತ್ತು. ಆವತ್ತು ನನಗೆ ಯಾವ ಬುದ್ಧಿವಂತ ಮಾತೂ ಹೊಳೆಯಲಿಲ್ಲ, ಈಗಲೂ ಹೊಳೆಯುತ್ತಿಲ್ಲ. ಇಷ್ಟು ವರ್ಷ ನನ್ನ ಕಾಲುಗಳ ಬಗ್ಗೆ ಹೆಮ್ಮೆ ಪಟ್ಟಿದ್ದೆ. ಆವತ್ತು ಕಾಲು ಕೈಬಿಟ್ಟ ಕಡೆಯಲ್ಲೇ, ಮೂಗು ಕೆಂಪಗಾಗಿ, ಚಳಿಗೆ ನಡುಗುತ್ತಾ ತಣ್ಣನೆಯ ಪುಳಿಯೋಗರೆ ತಿನ್ನುತ್ತಿದ್ದ ಈ ಜನರ ಬಗ್ಗೆ ಬಂದ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ. ಇವರು ನನ್ನವರು ಎಂದು ಆ ಕಾಡಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಮರ್ಯಾದಸ್ಥೆಯಾದ್ದರಿಂದ ಇನ್ನೊಂದು ತುತ್ತು ಪುಳಿಯೋಗರೆ ಬಾಯಿಗಿಟ್ಟೆ.

ಆಗ ಮೇಲಿನಿಂದ ಒಬ್ಬ ವಯಸ್ಸಾದ ಅಮೆರಿಕನ್ ಇಳಿದು ಬಂದರು. ದಾರಿ ಬದಿಯಲ್ಲಿ ನಡೆಯುತ್ತಿದ್ದ ಔತಣ ನೋಡಿ ಅವರಿಗೆ ಮರುಕ ಹುಟ್ಟಿರಬೇಕು. "ತುದಿ ಇಲ್ಲೇ ಇದೆ, ಈ ಮೆಟ್ಟಿಲು ದಾಟಿದರೆ ಸಾಕು, ಇಷ್ಟು ದೂರ ಬಂದು ಬಿಟ್ಟುಬಿಡಬೇಡಿ" ಎಂದು ಹುರಿದುಂಬಿಸಿದರು. ನಾವು ಆಗಲೇ ಅಲ್ಲಿಗೆ ಹೋಗಿದ್ದೆವು ಎಂದ ಪ್ರಕಾಶ. ಅವರಿಗೆ ಅರ್ಥವಾಗಲಿಲ್ಲ. ಅಷ್ಟು ಚೆಂದದ ನೋಟ ಬಿಟ್ಟು, ಊಟಕ್ಕೆ ಈ ಮೂಲೆಗೆ ಯಾಕೆ ಇಳಿದು ಬಂದಿರಿ ಎಂದು ಕೇಳಿದರು.

ಇಂಚರ ತಟ್ಟೆಯಿಂದ ತಲೆ ಎತ್ತಿದಳು. ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ಅವರನ್ನು ನೋಡಿ, "ಬಿಕಾಸ್ ಮೈ ಮಾಮ್ ಈಸ್ ಹಿಯರ್" ಎಂದಳು.

ಅವರು ನನ್ನ ಕಡೆ ತಿರುಗಿ ಟೋಪಿ ಎತ್ತಿದರು. ಬ್ಯಾಗುಗಳ ಸಿಂಹಾಸನದ ಮೇಲೆ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಬಾಯಿ ತುಂಬ ಅನ್ನವಿತ್ತು. ಹೌದೆಂದು ತಲೆಯನ್ನಷ್ಟೇ ಆಡಿಸಿದೆ.